ಸೋಮವಾರ ಬ್ಯಾಡ

ಸೋಮನಾಥ ಮೂರನೆಯ ಸಲ ಬೆಲ್ ಒತ್ತಿದ. ಯಾರೂ ಬಂದು ಬಾಗಿಲು ತೆಗೆಯಬಾರದೆಂದು ಬಯಸುತ್ತಲೇ ಒತ್ತಿದ. ಒಳಗೆ ಬೆಲ್ಲಿನ ಹಕ್ಕಿದನಿ ಎರಡು ಸಲ ಕೂಗಿ ನಿಂತಿತು. ಅವನ ಬೆನ್ನ ಹಿಂದೆ ಮೂವರಿದ್ದರು: ಮನೆ ಕೊಳ್ಳಲು ಬಂದಿದ್ದ ಮೋನಿಕಾ, ಅವಳ ತಂದೆ ರಾಜಾನುಕುಂಟೆಯ ಆವಲಪ್ಪ, ಮತ್ತು ಕೊಳ್ಳುವ ಮೊದಲು ಮನೆಯ ಗೋಡೆ, ನೆಲ, ಕೊಳಾಯಿಗಳನ್ನೆಲ್ಲ ಪರೀಕ್ಷಿಸಿ ವರದಿ ಕೊಡಲೆಂದು ಅವಳು ಕರೆಸಿದ್ದ ಇಂಜಿನಿಯರ್ ಅತಾವುಲ್ಲಾ. ಪುಟ್ಟೇನಹಳ್ಳಿಯ ಆ ಅಡ್ಡರಸ್ತೆಯಲ್ಲಿ ಬೆಳಗಿನ ಹತ್ತೂವರೆಗೆ ಬೇರಾರೂ ಇರಲಿಲ್ಲ. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡು ಕೆಳಗೆ ನೋಡಿದಳು. ಸೋಮನಾಥ ತನ್ನ ಕೊರಳಲ್ಲಿದ್ದ ಗುರುತಿನ ಚೀಟಿ ಅವಳಿಗೆ ಕಾಣುವ ಹಾಗೆ ಸ್ವಲ್ಪ ತಿರುಗಿ ನಿಂತ. ಹಾಗೆ ತಿರುಗಿದ್ದು ಯಾಕೆಂದು ತನಗೇ ಹೊಳೆದು, ಕಿವಿ ಬಿಸಿಯಾಯಿತು.

ಪ್ಯಾಂಟಿನ ಜೇಬಿನಲ್ಲಿ ಮನೆಯ ಇನ್ನೊಂದು ಕೀಲಿಕೈ ಇತ್ತು. ಆರ್.ಟಿ. ನಗರದಲ್ಲಿರುವ ಮಾಲೀಕ ವೆಂಕಟರಾಮಯ್ಯ ಅದನ್ನು ಕೊಡುವಾಗ, ಬಾಡಿಗೆಯವರಿಗೆ ಹೇಳಿಬಿಟ್ಟು ಹೋಗಪ್ಪ ಎಂದಿದ್ದರು. ಹೇಳಿದೀನಿ ಸಾರ್ ಎಂದಿದ್ದ ಸೋಮನಾಥ. ಅದು ಸುಳ್ಳಲ್ಲ, ಹೇಳಿದ್ದು ನಿಜ. ಆದರೆ ಈರವ್ವ ಎಂಬ ಆ ಬಾಡಿಗೆಯ ಹೆಂಗಸು ಫೋನಿನಲ್ಲಿ, ‘ಸೋಮವಾರ ಬ್ಯಾಡ್ರಿ, ಬ್ಯಾರೆ ದಿನಾ ಯಾವತ್ತರೆ ಬರ್ರಿ’ ಎಂದಿದ್ದಳು. ಆ ಮಾತಿನ ಧಾಟಿ ಕಿವಿಗೆ ಬಿದ್ದ ಕೂಡಲೆ ಅವನ ನಾಲಗೆ ತನ್ನ ಊರಿನ ಕಡೆ ಹೊರಳಿತ್ತು; ಅದನ್ನು ಹಿಡಿದು ನಿಲ್ಲಿಸಿ, ‘ಆಯ್ತಮ್ಮ, ನೋಡೋಣ’ ಎಂದು ಬೆಂಗಳೂರಿನವನ ಹಾಗೆ ಮುಗಿಸಿದ್ದ. ನೋಡೋಣ ಅಂದರೆ ಒಪ್ಪಿದ ಹಾಗೂ ಅಲ್ಲ, ಬಿಟ್ಟ ಹಾಗೂ ಅಲ್ಲ. ಇಪ್ಪತ್ತೆರಡು ವರ್ಷದ ದಲ್ಲಾಳಿತನದಲ್ಲಿ ಅವನು ಕಲಿತ ಅತಿ ಉಪಯೋಗದ ಮಾತು ಅದೇ ಇರಬೇಕು. ಮೋನಿಕಾಗೆ ಸೋಮವಾರ ಬಿಟ್ಟರೆ ಬೇರೆ ದಿನ ರಜೆಯಿರಲಿಲ್ಲ. ಈರವ್ವ ಇಂಜಿನಿಯರಿಂಗ್ ಕಾಲೇಜೊಂದರ ಹಾಸ್ಟೆಲಿನಲ್ಲಿ ರೊಟ್ಟಿ ಮಾಡುವ ಕೆಲಸಕ್ಕಿದ್ದಾಳೆ, ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ಮೂರಕ್ಕೆ, ಒಬ್ಬಳೇ ಇರುವುದು, ಎಂದು ವೆಂಕಟರಾಮಯ್ಯನವರೇ ಹೇಳಿದ್ದರು. ಒಂದು ಗಂಟೆಯ ಕೆಲಸ. ಸರಿಸಿದ್ದನ್ನು ಮೊದಲಿದ್ದ ಜಾಗಕ್ಕೇ ಇಟ್ಟು ಹೊರಟರೆ ಬಂದು ಹೋದದ್ದು ಯಾರಿಗೂ ತಿಳಿಯುವುದಿಲ್ಲ. ಹಿಂದೆಯೂ ಹಾಗೆ ಮಾಡಿದ್ದುಂಟು. ಒಮ್ಮೆ ಹೆಬ್ಬಾಳದ ಮನೆಯೊಂದರಲ್ಲಿ ಊಟದ ಮೇಜಿನ ಮೇಲೆ ಅರ್ಧ ತಿಂದಿಟ್ಟ ಸೇಬು ಇನ್ನೂ ಕಂದುಬಣ್ಣಕ್ಕೆ ತಿರುಗಿರಲಿಲ್ಲ, ಅಷ್ಟರಲ್ಲಿ ನಾಲ್ಕು ಕೋಣೆ ತೋರಿಸಿ ಹೊರಬಂದಿದ್ದ. ಅದನ್ನು ಗೆಳೆಯರಿಗೆ ಹೇಳಿ ನಕ್ಕದ್ದೂ ನೆನಪಿತ್ತು.

‘ಯಾರೂ ಇಲ್ಲ ಅಲ್ವಾ? ನನಗೆ ಹನ್ನೊಂದೂಮುಕ್ಕಾಲಿಗೆ ಒಂದು ಕಾಲ್ ಇದೆ’ ಅಂದಳು ಮೋನಿಕಾ.

ಅವನು ಕೀಲಿಕೈ ತಿರುಗಿಸಿದ. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಮೊದಲು ಬಂದದ್ದು ವಾಸನೆ: ವಿಭೂತಿ, ಹಸಿ ಪತ್ರೆ, ಆಗತಾನೆ ನಂದಿದ ಊದುಬತ್ತಿ. ಆ ವಾಸನೆಗೆ ಅವನ ಹೆಜ್ಜೆ ಹೊಸ್ತಿಲ ಮೇಲೇ ನಿಂತಿತು, ಕಣ್ಣು ಒಳಗಿನ ಮಬ್ಬಿಗೆ ಹೊಂದಿಕೊಳ್ಳುವ ಮೊದಲೇ ಮೈಗೆ ತಿಳಿದುಹೋಗಿತ್ತು. ನಡುಮನೆಯಲ್ಲಿ, ಪೂರ್ವದ ಕಿಟಕಿಯ ಎದುರಿಗೆ, ಕಂಬಳಿ ಹಾಸಿದ ಮಣೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಅರವತ್ತರ ಹತ್ತಿರದ ವಯಸ್ಸು. ಒದ್ದೆ ಕೂದಲನ್ನು ಗಂಟು ಹಾಕಿದ್ದಳು, ತಲೆಯ ಮೇಲೆ ಸೆರಗು, ಹಣೆಗೆ ಮೂರು ಬೆರಳು ವಿಭೂತಿ. ಎದೆಯ ಎತ್ತರಕ್ಕೆ ಹಿಡಿದ ಎಡ ಅಂಗೈಯಲ್ಲಿ ಕಪ್ಪಗೆ ಹೊಳೆಯುವ ಇಷ್ಟಲಿಂಗ, ಅದರ ಮೇಲೆ ಒಂದೇ ಒಂದು ಬಿಲ್ವಪತ್ರೆ. ಆಕೆ ಅದನ್ನು ನೋಡುತ್ತಿದ್ದಳು. ಬಾಗಿಲು ತೆರೆದಾಗ ಹೊರಗಿನ ಬೆಳಕು ಚಪ್ಪಟೆಯಾಗಿ ಬಂದು ಆಕೆಯ ಮೊಳಕಾಲನ್ನು ಮುಟ್ಟಿತು. ಆಕೆ ತಿರುಗಲಿಲ್ಲ. ಶ್ರಾವಣದ ಸೋಮವಾರ, ಕೆಲಸಕ್ಕೆ ರಜೆ ಹಾಕಿ ಪೂಜೆಗೆ ಕೂರುವ ದಿನ. ಬೇರೆ ಯಾರಿಗಾದರೂ ಹೊಳೆಯದಿದ್ದರೆ ಸರಿ, ತನಗೆ ಹೊಳೆಯಬೇಕಿತ್ತು.

ಮೋನಿಕಾ ಅವನ ಭುಜದ ಪಕ್ಕದಿಂದ ಇಣುಕಿ, ಯಾರೂ ಇರಲ್ಲ ಅಂದಿರಲ್ಲ ಎಂದು ಪಿಸುಗುಟ್ಟಿದಳು. ಇದೇ ಗಳಿಗೆಯಲ್ಲಿ ಬಾಗಿಲೆಳೆದುಕೊಂಡು ಹಿಂದಕ್ಕೆ ಹೋಗಬಹುದಿತ್ತು. ಆಮೇಲೆ ಎಷ್ಟೋ ದಿನ ಅವನಿಗೆ ಆ ಗಳಿಗೆಯೇ ನೆನಪಾಗುತ್ತಿತ್ತು. ಹೋಗುವುದು ಅಷ್ಟು ಸುಲಭವಾಗಿತ್ತು, ಹೋದರೆ ಮೋನಿಕಾಳ ಮುಂದೆ ಸಣ್ಣವನಾಗುತ್ತೇನೆಂಬುದು ಅಷ್ಟು ದೊಡ್ಡದಾಗಿ ಕಂಡಿತ್ತು. ‘ಪೂಜೆ ಮಾಡ್ತಿದಾರೆ, ಪರವಾಗಿಲ್ಲ ಬನ್ನಿ. ಅವರು ಒಪ್ಪಿದಾರೆ. ಮನೆನೂ ಈ ತಿಂಗಳ ಕೊನೆಗೆ ಬಿಟ್ಟುಕೊಡ್ತಾರೆ, ಎಲ್ಲಾ ಮಾತಾಗಿದೆ’ ಅಂದ. ದನಿ ತಗ್ಗಿಸಿಯೇ ಹೇಳಿದ. ಆದರೂ ಖಾಲಿ ಗೋಡೆಗಳಿದ್ದ ಆ ನಡುಮನೆಯಲ್ಲಿ ಮಾತು ಒಂದು ಸುತ್ತು ಹಾಕಿ ಅವನ ಕಿವಿಗೇ ವಾಪಸು ಬಂತು. ಒಪ್ಪಂದದ ಪ್ರಕಾರ ಆಕೆಗೆ ಇನ್ನೂ ಏಳು ತಿಂಗಳಿದ್ದವು. ಮನೆ ಮಾರಾಟಕ್ಕಿದೆ ಎಂಬುದನ್ನೇ ಯಾರೂ ಆಕೆಗೆ ಹೇಳಿರಲಿಲ್ಲ. ವೆಂಕಟರಾಮಯ್ಯ, ‘ನಿಮ್ಮ ಕಡೆಯೋಳೇ ಕಣಯ್ಯ, ಒಂಟಿ ಹೆಂಗಸು, ನೀನು ಹೇಳಿದ್ರೆ ಎದ್ದು ಹೋಗ್ತಾಳೆ’ ಎಂದು ಅದನ್ನೂ ಅವನ ಪಾಲಿಗೇ ಬಿಟ್ಟಿದ್ದರು.

ಒಳಕೋಣೆಗೂ ಅಡುಗೆಮನೆಗೂ ಹೋಗಬೇಕಾದರೆ ಕಿಟಕಿಗೂ ಆಕೆಗೂ ನಡುವೆ ಇದ್ದ ಮೂರಡಿಯ ಜಾಗದಲ್ಲೇ ದಾಟಬೇಕು. ಸೋಮನಾಥ ಮೊದಲು ದಾಟಿದ. ಅವನ ನೆರಳು ಆಕೆಯ ಅಂಗೈಯ ಮೇಲೆ ಬಿತ್ತು, ಕಪ್ಪು ಲಿಂಗದ ಹೊಳಪು ಆರಿತು, ಅವನು ದಾಟಿದ ಮೇಲೆ ಮತ್ತೆ ಹೊಳೆಯಿತು. ಆಕೆಯ ರೆಪ್ಪೆ ಬಡಿಯಲಿಲ್ಲ. ಅವನ ಹಿಂದೆ ಮೋನಿಕಾ, ಅತಾವುಲ್ಲಾ. ಆವಲಪ್ಪ ಮಾತ್ರ ಒಳಗೆ ಬರದೆ ಚಪ್ಪಲಿ ಕಳಚಿ ಬಾಗಿಲ ಬಳಿಯೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಸೋಮನಾಥ ಆಗ ತನ್ನ ಕಾಲು ನೋಡಿಕೊಂಡ. ಬೂಟು ಹಾಗೇ ಇತ್ತು. ಖಾಲಿ ಮನೆಗಳನ್ನು ತೋರಿಸಿ ತೋರಿಸಿ ರೂಢಿಯಾಗಿತ್ತು. ಬಿಚ್ಚಲು ಈಗ ಮತ್ತೆ ಆಕೆಯ ಮುಂದೆಯೇ ಹಾದು ಬಾಗಿಲಿಗೆ ಹೋಗಬೇಕು. ಹಾಗಾಗಿ ಬಿಚ್ಚದೆ ಉಳಿದ, ಆದಷ್ಟು ತುದಿಗಾಲಲ್ಲಿ ನಡೆದ, ತುದಿಗಾಲಿನ ನಡಿಗೆ ಇನ್ನೂ ನಾಚಿಕೆಗೇಡು ಎನ್ನಿಸಿ ಮತ್ತೆ ಸಾದಾ ನಡೆದ.

ಅಡುಗೆಮನೆಯಲ್ಲಿ ಅತಾವುಲ್ಲಾ ತನ್ನ ಸಣ್ಣ ಸುತ್ತಿಗೆಯಿಂದ ನೆಲದ ಟೈಲುಗಳನ್ನು ಒಂದೊಂದಾಗಿ ತಟ್ಟಿ ಕೇಳತೊಡಗಿದ. ಟಕ್, ಟಕ್, ಒಂದು ಕಡೆ ಮಾತ್ರ ಟೊಳ್ಳಾಗಿ ಟಪ್. ಕೊಳಾಯಿ ಬಿಟ್ಟು ನೀರಿನ ರಭಸ ನೋಡಿದ, ತೇವ ಅಳೆಯುವ ಯಂತ್ರವನ್ನು ಗೋಡೆಗೆ ಒತ್ತಿದಾಗೆಲ್ಲ ಅದು ಕೀಂಯ್ ಎಂದು ಕೂಗಿತು. ಪ್ರತಿ ಸದ್ದಿಗೂ ಸೋಮನಾಥ ನಡುಮನೆಯ ಕಡೆ ನೋಡುತ್ತಿದ್ದ. ಆಕೆಯ ಬೆನ್ನು ಇಲ್ಲಿಂದ ಕಾಣುತ್ತಿತ್ತು, ಒಂದು ಸಲವೂ ಅಲುಗಲಿಲ್ಲ. ಒಲೆಯ ಪಕ್ಕ ಬಿಳಿ ಬಟ್ಟೆ ಮುಚ್ಚಿದ ರೊಟ್ಟಿಯ ಅಟ್ಟಿ. ಅದರಂಚು ನೋಡಿದರೆ ಒಂದಕ್ಕಿಂತ ಒಂದು ಹೆಚ್ಚು ಕಡಿಮೆಯಿಲ್ಲದೆ ಒಂದೇ ಕಂಬದ ಹಾಗೆ ನಿಂತಿತ್ತು. ಸೋಮನಾಥನಿಗೆ ತರಬೇತಿಯ ಪಾಠ ನೆನಪಾಯಿತು: ದಲ್ಲಾಳಿಗಳಿಗೆಲ್ಲ ಹೆಬ್ಬಾಳದ ಹೋಟೆಲೊಂದರಲ್ಲಿ ಒಂದು ದಿನದ ತರಬೇತಿ ಕೊಟ್ಟು, ಊಟ ಹಾಕಿ, ಪ್ಲಾಸ್ಟಿಕ್ ಹೊದಿಸಿದ ಪ್ರಮಾಣಪತ್ರ ಕೊಟ್ಟಿದ್ದರು. ಬಾಡಿಗೆದಾರರಿರುವ ಮನೆಯನ್ನು ಪರೀಕ್ಷೆಗೆ ಕರೆದೊಯ್ಯುವಾಗ ದಲ್ಲಾಳಿ ಒಂದು ದಿನ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ಬಂದವರನ್ನು ಒಂಟಿಯಾಗಿ ಬಿಡಬಾರದು, ವಾಸವಿರುವವರ ವಸ್ತುಗಳನ್ನು ಮುಟ್ಟಗೊಡಬಾರದು, ಚಿತ್ರ ತೆಗೆಯಗೊಡಬಾರದು. ಅವನು ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡಿದ್ದ. ಅವನ ಅಕ್ಷರ ಚೆನ್ನಾಗಿದೆಯೆಂದು ಪಾಠ ಮಾಡಿದ ಹುಡುಗಿ ಮೆಚ್ಚಿಕೊಂಡಿದ್ದಳು.

ಒಳಕೋಣೆಯಿಂದ ಕಬ್ಬಿಣದ ಬೀರು ತೆರೆದ ಸದ್ದಾಯಿತು. ಹೋಗಿ ನೋಡಿದರೆ ಮೋನಿಕಾ ಒಂದು ಕೈಯಲ್ಲಿ ಫೋನು ಹಿಡಿದು ಕೋಣೆಯನ್ನೆಲ್ಲ ಚಿತ್ರ ತೆಗೆಯುತ್ತಿದ್ದಳು, ಇನ್ನೊಂದು ಕೈ ಬೀರುವಿನ ಬಾಗಿಲ ಮೇಲೆ. ‘ಇದು ಗೋಡೆಯೊಳಗಿನ ವಾರ್ಡ್‌ರೋಬ್ ಅಂದ್ಕೊಂಡೆ’ ಅಂದಳು. ಮಡಿಸಿಟ್ಟ ಸೀರೆಯೊಂದು ಜಾರಿ ಅವಳ ಪಾದದ ಮೇಲೆ ಬಿದ್ದಿತ್ತು. ಮೇಡಂ, ಚಿತ್ರ ಬೇಡ ಅನ್ನಬೇಕಿತ್ತು. ಅನ್ನುವ ಬದಲು ಸೀರೆಯನ್ನು ಎತ್ತಿ ಮಡಚಲು ಹೋದ; ಮಡಿಕೆ ಮೊದಲಿನಂತೆ ಕೂಡಿಬರಲಿಲ್ಲ, ಅಂಚು ಅಂಚಿಗೆ ಸೇರಲಿಲ್ಲ. ಪರರ ಸೀರೆಯೊಂದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೇನೆಂಬುದು ಒಮ್ಮೆಲೇ ಅರಿವಾಗಿ, ಹೇಗೋ ತುರುಕಿ ಬೀರು ಮುಚ್ಚಿ ನಡುಮನೆಗೆ ಬಂದ.

ಬಂದವನು ಆಕೆಯ ಎದುರಿಗೆ ಓರೆಯಾಗಿ ಗೋಡೆಗೊರಗಿ ನಿಂತ. ಈಗ ಮುಖ ಕಂಡಿತು. ಅರ್ಧ ತೆರೆದ ಕಣ್ಣು, ಅಂಗೈಗೆ ನೆಟ್ಟ ನೋಟ. ಉಸಿರಾಟ ಕಾಣಲಿಲ್ಲ. ಸೆರಗು ಏಳುತ್ತಿದೆಯೇ ಎಂದು ನೋಡಿದ, ಏಳುತ್ತಿರಲಿಲ್ಲ. ಇಷ್ಟು ಸದ್ದು, ಇಷ್ಟು ನೆರಳು, ಆದರೂ ಒಂದು ರೆಪ್ಪೆಯೂ ಅಲುಗಿರಲಿಲ್ಲ. ಹೀಗೆಯೇ ಕೂರಿಸಿದ್ದರು ಅವ್ವನನ್ನು, ನರಗುಂದದ ಆಚೆಯ ಊರಿನಲ್ಲಿ, ಗೋಡೆಗೊರಗಿಸಿ, ಹಣೆಗೆ ವಿಭೂತಿ ಬಳಿದು, ತಲೆ ವಾಲದಂತೆ ಗೋಡೆಯ ಮೊಳೆಗೆ ಬಟ್ಟೆ ಕಟ್ಟಿ. ಮಣ್ಣಿಗಿಡುವಾಗ ಗುಣಿಯೊಳಗಿಳಿದು ಅವ್ವನ ಲಿಂಗವನ್ನು ಅವ್ವನ ಎಡ ಅಂಗೈಯಲ್ಲಿಟ್ಟು ಬೆರಳು ಮುಚ್ಚಬೇಕಾದವನು ಅವನೇ. ಬೆರಳು ಮುಚ್ಚಿಕೊಳ್ಳಲೊಲ್ಲದು. ಅಂಗಿ ತೆಗೆದು ನಿಂತಿದ್ದ ಅವನ ಬರಿಗೊರಳನ್ನು ಮೇಲೆ ನಿಂತ ಜನವೆಲ್ಲ ನೋಡುತ್ತಿತ್ತು. ಸಂಸ್ಕಾರ ಮಾಡಿಸುತ್ತಿದ್ದ ಅಯ್ಯನವರು ಬಗ್ಗಿ, ಬಹಳ ಮೆಲ್ಲಗೆ, ‘ನಿನ್ನ ಲಿಂಗ ಎಲ್ಲೈತೋ ತಮ್ಮಾ’ ಎಂದು ಕೇಳಿದ್ದರು. ಲಿಂಗದ ಬೆಳ್ಳಿ ಕರಡಿಗೆ ಸವೆದಿತ್ತು, ಬೆಂಗಳೂರಿನಲ್ಲಿ ಅಕ್ಕಸಾಲಿಗನಿಗೆ ರಿಪೇರಿಗೆ ಕೊಟ್ಟಿದ್ದೇನೆ ಎಂದು ಗುಣಿಯೊಳಗಿಂದಲೇ ಹೇಳಿದ್ದ. ಅವ್ವನ ಕೈಯನ್ನು ಹಿಡಿದುಕೊಂಡೇ. ಯಶವಂತಪುರದ ರೂಮಿನಲ್ಲಿ ಹುಡುಗರು ನಕ್ಕರೆಂದು ಲಿಂಗವನ್ನು ತೆಗೆದು ಟ್ರಂಕಿಗೆ ಹಾಕಿ, ಆ ಟ್ರಂಕು ಯಾವ ರೂಮು ಖಾಲಿ ಮಾಡುವಾಗ ಎಲ್ಲಿ ಹೋಯಿತೆಂಬುದೇ ಗೊತ್ತಿಲ್ಲದೆ ಆಗಲೇ ಹತ್ತು ವರ್ಷವಾಗಿತ್ತು.

ಸತ್ತುಹೋಗಿದ್ದಾಳೆ ಎಂದುಕೊಂಡ ಸೋಮನಾಥ. ತಾನು ಬಾಗಿಲು ತೆರೆಯುವ ಮೊದಲೇ ಹೋಗಿದ್ದಾಳೆ, ನಾವೆಲ್ಲ ಒಂದು ಹೆಣದ ಸುತ್ತ ಟೈಲು ತಟ್ಟುತ್ತಿದ್ದೇವೆ. ಆಗ ಆಕೆಯ ಎಡಗಣ್ಣಿನ ಅಂಚಿನಲ್ಲಿ ನೀರು ಕೂಡಿತು. ಮೆಲ್ಲಗೆ ತುಂಬಿ, ಅಂಚಿನಲ್ಲಿ ನಿಂತು, ಕೆನ್ನೆಯ ಗೆರೆಯಗುಂಟ ಇಳಿದು ಗದ್ದದಲ್ಲಿ ಮಾಯವಾಯಿತು. ಅಳು ಅಲ್ಲ. ರೆಪ್ಪೆ ಬಡಿಯದ ಕಣ್ಣು ತನ್ನಷ್ಟಕ್ಕೆ ಸುರಿಸುವ ನೀರು. ಚಿಕ್ಕವನಿದ್ದಾಗ ಅವನು ಇದನ್ನು ದಿನವೂ ನೋಡಿದ್ದ, ನೋಡಿಯೂ ನೋಡಿರಲಿಲ್ಲ. ಅವ್ವ ಪೂಜೆಗೆ ಕೂತಾಗ ಹಿಂದಿನಿಂದ ಹೋಗಿ ಕಿವಿಯ ಬಳಿ ಚಪ್ಪಾಳೆ ಹೊಡೆಯುತ್ತಿದ್ದ, ಕಣ್ಣ ಮುಂದೆ ಬೆರಳಾಡಿಸುತ್ತಿದ್ದ, ಒಮ್ಮೆ ತೊಡೆಯ ಮೇಲೆ ಓತಿಕ್ಯಾತ ಬಿಟ್ಟಿದ್ದ. ಅವ್ವ ಎದ್ದ ಮೇಲೆ, ಓತಿಕ್ಯಾತನ ಬಾಲ ಮುರದೈತಿ, ಗಿಡದ ಬುಡಕ್ಕ ಬಿಟ್ಟು ಬಾ ಎಂದಷ್ಟೇ ಹೇಳಿದ್ದಳು.

ಅತಾವುಲ್ಲಾ ಬಚ್ಚಲುಮನೆ ಮುಗಿಸಿ ಬಂದ. ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಉಳಿದದ್ದು ಪೂರ್ವದ ಗೋಡೆ, ಆಕೆ ಕೂತಿದ್ದ ಎದುರಿನ ಗೋಡೆ. ಅದರೊಳಗೇ ಬಚ್ಚಲಿನ ಕೊಳವೆ ಹಾದುಹೋಗಿದೆ, ಸೋರುತ್ತಿರಬಹುದೆಂದು ಅವನಿಗೆ ಅನುಮಾನ. ಶಾಖ ತೋರಿಸುವ ಕ್ಯಾಮೆರಾ ತೆಗೆದು ದೂರದಿಂದಲೇ ಗೋಡೆಯ ಕಡೆ ಹಿಡಿದ. ಸೋಮನಾಥ ಅವನ ಭುಜದ ಮೇಲಿಂದ ನೋಡಿದ. ಪರದೆಯ ಮೇಲೆ ಗೋಡೆ ನೀಲಿಯಾಗಿತ್ತು, ಬುಡದಲ್ಲಿ ಇನ್ನೂ ಗಾಢವಾದ ನೀಲಿ ಹರಡಿತ್ತು, ಅದೇ ತೇವ. ಕ್ಯಾಮೆರಾ ಸ್ವಲ್ಪ ವಾಲಿದಾಗ ಆಕೆ ಪರದೆಯೊಳಗೆ ಬಂದಳು. ಇಡೀ ಮನೆ ತಣ್ಣಗೆ ನೀಲಿಯಾಗಿರುವಲ್ಲಿ ಒಂದು ಮನುಷ್ಯಾಕೃತಿ ಮಾತ್ರ ಕೆಂಡದ ಬಣ್ಣದಲ್ಲಿ ಕೂತಿತ್ತು. ಚಾಚಿದ ಅಂಗೈ ಉಳಿದೆಲ್ಲಕ್ಕಿಂತ ಬೆಳ್ಳಗೆ. ಅದರ ನಡುವೆ ಲಿಂಗವಿದ್ದಲ್ಲಿ ಕಪ್ಪು ಚುಕ್ಕೆಯಿರಲಿಲ್ಲ. ಅದೂ ಅಂಗೈಯಷ್ಟೇ ಬೆಚ್ಚಗಾಗಿತ್ತು, ಕಲ್ಲು ಎಲ್ಲಿ ಮುಗಿದು ಕೈ ಎಲ್ಲಿ ಶುರುವಾಗುತ್ತದೆಂದು ಪರದೆಗೆ ಹೇಳಲಾಗುತ್ತಿರಲಿಲ್ಲ. ಸಾವಿರಾರು ಮನೆ ತೋರಿಸಿದ್ದೇನೆ, ಎಂದು ಸೋಮನಾಥನಿಗೆ ಅನ್ನಿಸಿತು, ಅದರ ಮುಂದಿನ ಮಾತು ಹೊಳೆಯಲಿಲ್ಲ.

ಅತಾವುಲ್ಲಾ ಕ್ಯಾಮೆರಾ ಕೆಳಗಿಳಿಸಿದ. ಆರಿಸಿ ಚೀಲದಲ್ಲಿಟ್ಟ. ಆಮೇಲೆ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ. ಮೋನಿಕಾ ಒಳಗಿನಿಂದ ಬಂದು, ಆಯ್ತಾ ಎಂದು ಸನ್ನೆಯಲ್ಲೇ ಕೇಳಿದಳು. ಈ ಗೋಡೆ ಉಳಿದಿದೆ, ಅವರು ಏಳಲಿ ಎಂದ ಅತಾವುಲ್ಲಾ. ಎರಡು ನಿಮಿಷದ ಕೆಲಸ ಸಾರ್, ಪಕ್ಕದಿಂದ ನೋಡಿಬಿಡಿ, ಎಂದು ಸೋಮನಾಥ ಬೇಡಿಕೊಂಡ. ತನ್ನ ದನಿಯಲ್ಲಿ ಅಂಗಲಾಚುವಿಕೆ ಇದ್ದದ್ದು ಅವನಿಗೇ ಕೇಳಿಸಿತು.

‘ಅವರ ಮುಂದೆ ಅಡ್ಡ ನಿಂತ್ಕೊಂಡು ನಾನು ಗೋಡೆ ನೋಡಲ್ಲ’ ಅಂದ ಅತಾವುಲ್ಲಾ. ‘ನೀವು ಒಪ್ಪಿದಾರೆ ಅಂದ್ರಿ. ಒಪ್ಪಿದೋರು ಈ ಹೊತ್ತಿಗೆ ಬನ್ನಿ ಅಂತಾರಾ? ಅವರೇ ಹೇಳ್ಲಿ, ಆಮೇಲೆ ಮುಟ್ತೀನಿ.’

ಹೀಗೆ ಅವರು ಕಾಯತೊಡಗಿದರು. ಅತಾವುಲ್ಲಾ ಬೂಟು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಒರಗಿದ. ಸೋಮನಾಥನೂ ಬೂಟು ಬಿಚ್ಚಿದ. ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತು, ಮುಚ್ಚಿಕೊಳ್ಳಲಿಲ್ಲ. ಮೋನಿಕಾ ಎರಡು ಸಲ ಗಡಿಯಾರ ನೋಡಿದಳು, ಮೂರನೆಯ ಸಲ ನೋಡಲಿಲ್ಲ. ಆವಲಪ್ಪ ಟವೆಲ್ಲನ್ನು ಭುಜದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ಹನ್ನೊಂದು ದಾಟಿತು. ಹತ್ತಿರದ ವಾಯುನೆಲೆಯ ಕಡೆಯಿಂದ ವಿಮಾನವೊಂದು ತೀರಾ ತಗ್ಗಿನಲ್ಲಿ ಬಂತು. ಸದ್ದು ಮೊದಲು ಎದೆಯೊಳಗೆ ಹುಟ್ಟಿ, ಆಮೇಲೆ ಕಿಟಕಿಯ ಗಾಜುಗಳೆಲ್ಲ ಅದುರಿ, ಅಡುಗೆಮನೆಯಲ್ಲಿ ಪಾತ್ರೆಗೆ ಪಾತ್ರೆ ತಾಗಿ ಗಣಗಣ ಎಂದಿತು. ಮೋನಿಕಾ ಕಿವಿ ಮುಚ್ಚಿಕೊಂಡಳು. ಸೋಮನಾಥನ ಕಣ್ಣು ಆಕೆಯ ಅಂಗೈ ಮೇಲಿತ್ತು. ಪತ್ರೆ ಅಲುಗಲಿಲ್ಲ. ಮೂರು ದಳದ ಆ ಹಗುರ ಎಲೆ, ಉಸಿರು ಬಿಟ್ಟರೆ ಹಾರಬೇಕಾದದ್ದು, ಇಟ್ಟಲ್ಲೇ ಇತ್ತು. ಅವನ ಕುತ್ತಿಗೆಯ ಹಿಂದೆ ಕೂದಲು ನಿಮಿರಿತು. ಭಯವಲ್ಲ ಅದು, ಭಯವಾದರೆ ಓಡಬೇಕೆನ್ನಿಸುತ್ತದೆ. ಇನ್ನೂ ಹೊತ್ತು ನೋಡಬೇಕು, ಇನ್ನೂ ಹತ್ತಿರ ಹೋಗಬೇಕು, ಹೋಗಬಾರದು, ಎಂದು ಏಕಕಾಲಕ್ಕೆ ಅನ್ನಿಸುತ್ತಿತ್ತು. ಇದು ನೆಲ, ಇದು ಗೋಡೆ, ಮೂವತ್ತು ನಲವತ್ತರ ಸೈಟು, ಪೂರ್ವದ ಬಾಗಿಲು, ಎಂದು ದಿನವೂ ಹತ್ತು ಸಲ ಹೇಳುವ ತನ್ನ ಬಾಯಿಯೊಳಗೆ ಈಗ ಒಂದು ಮಾತೂ ಇರಲಿಲ್ಲ. ಇಲ್ಲದ್ದು ಹಿತವಾಗಿತ್ತು.

ಆಕೆಯ ಬೆರಳುಗಳು ಮಡಚಿಕೊಂಡವು. ಲಿಂಗವನ್ನು ಎರಡೂ ಕಣ್ಣಿಗೊತ್ತಿಕೊಂಡು, ಬಟ್ಟೆಯಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡಳು. ಬಟ್ಟಲಿನ ತೀರ್ಥ ಕುಡಿದಳು. ಸೆರಗಿನಿಂದ ಕೆನ್ನೆ ಒರೆಸಿಕೊಂಡಳು. ಆಮೇಲೆ ತಿರುಗಿ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ‘ಕುಂದರ್ರಿ’ ಅಂದಳು. ‘ನಿಂತು ಬಾಳ ಹೊತ್ತಾತು ನೀವು.’

ಯಾರೂ ಕೂರಲಿಲ್ಲ. ಸೋಮನಾಥನ ಬಳಿ ಮಾತು ಸಿದ್ಧವಿತ್ತು: ಸಾರಿ ಅಮ್ಮ, ದಿನ ಹೇಳೋದರಲ್ಲಿ ಸ್ವಲ್ಪ ಗೊಂದಲ ಆಯ್ತು. ಬಾಯಿ ತೆರೆದಾಗ ಬಂದದ್ದು ಅದಲ್ಲ.

‘ತಪ್ಪಾತ್ರಿ ಅವ್ವಾರ. ನೀವು ಸೋಮವಾರ ಬ್ಯಾಡ ಅಂದಿದ್ರಿ. ಮನ್ಯಾಗ ಯಾರೂ ಇರಂಗಿಲ್ಲ ಅಂತ ತಿಳದು, ಮಾಲಕರ ಕೀಲಿ ತಗೊಂಡು ಬಂದೆ.’ ಎಷ್ಟೋ ವರ್ಷದ ಮೇಲೆ ತನ್ನ ಬಾಯಿಂದ ಬಂದ ಆ ಮಾತು ಅವನಿಗೆ ಇನ್ನೊಬ್ಬರದೆನ್ನುವಂತೆ ಕೇಳಿಸಿತು. ಆಮೇಲೆ ಮೋನಿಕಾಳ ಕಡೆ ತಿರುಗಿದ. ‘ಮೇಡಂ, ಇವರು ಇವತ್ತು ಬರೋದಕ್ಕೂ ಒಪ್ಪಿರ್ಲಿಲ್ಲ, ಮನೆ ಬಿಡೋದಕ್ಕೂ ಒಪ್ಪಿಲ್ಲ. ನಾನು ಕೇಳೇ ಇಲ್ಲ. ಅಗ್ರಿಮೆಂಟ್ ಇನ್ನೂ ಏಳು ತಿಂಗಳಿದೆ.’

ಮೋನಿಕಾಳ ಮುಖ ಕೆಂಪಾಯಿತು. ‘ಅಂದ್ರೆ ನಾವು ಇವರ ಮನೆಗೆ ನುಗ್ಗಿದೀವಿ’ ಎಂದಳು, ಯಾರಿಗೂ ಅಲ್ಲ ಎಂಬಂತೆ. ಫೋನು ತೆಗೆದು ಈರವ್ವನ ಪಕ್ಕಕ್ಕೆ ಹೋಗಿ, ತೆಗೆದ ಚಿತ್ರಗಳನ್ನು ಆಕೆಗೆ ಕಾಣುವ ಹಾಗೆ ಒಂದೊಂದಾಗಿ ಅಳಿಸಿದಳು. ಬೀರು ತೆರೆದೆ ಆಂಟಿ, ಸೀರೆ ಬಿತ್ತು ಎಂದೂ ಹೇಳಿದಳು.

‘ಕೇಳಸ್ತು’ ಅಂದಳು ಈರವ್ವ. ‘ಬೀರೂ ಕೇಳಸ್ತು, ಬಾಗಲಾ ತಗದದ್ದೂ ಕೇಳಸ್ತು, ತಿಂಗಳಾ ಮುಗಿಯೂದ್ರಾಗ ನಾ ಮನಿ ಬಿಡ್ತೀನಿ ಅಂತ ಇವರು ಅಂದದ್ದೂ ಕೇಳಸ್ತು. ಪೂಜಾಕ್ಕ ಕುಂತ್ರ ಕಿವಿ ಮುಚ್ಚಿರತಾವೇನು?’ ಮಣೆಯ ಮೇಲಿನ ಕಂಬಳಿಯನ್ನು ಮಡಚುತ್ತ ಹೇಳಿದಳು, ದನಿ ಏರಲಿಲ್ಲ. ‘ದಿನಾ ಇಷ್ಟೊತ್ತು ಕುಂದ್ರಂಗಿಲ್ಲ ನಾ. ಇವತ್ತ ಸಿಟ್ಟು ಬಂತು. ಅಗದೀ ಸಿಟ್ಟು. ಲಿಂಗ ಕೈಯಾಗ ಇಟಗೊಂಡು ಸಿಟ್ಟಿಲೆ ಏಳಬಾರದಲ್ಲ. ಅದು ಇಳಿಯೂತನಕ ಕುಂತೆ.’

ಸೋಮನಾಥ ಆಕೆಯನ್ನೇ ನೋಡಿದ. ಇಷ್ಟು ಹೊತ್ತು ತಾನು ಕಂಡದ್ದು ತಮ್ಮ ಯಾವ ಸದ್ದೂ ತಲುಪದ ದೂರವೆಂದುಕೊಂಡಿದ್ದ. ದೂರವೇ ಇರಲಿಲ್ಲ. ಪ್ರತಿಯೊಂದೂ ತಲುಪಿತ್ತು, ಕೀಲಿಕೈ ತಿರುಗಿದ್ದು, ಬೂಟಿನ ಸದ್ದು, ಸುಳ್ಳು, ಬೀರು. ಒಳಗೆ ಬೆಂಕಿ ಎದ್ದಿತ್ತು. ಎದ್ದ ಬೆಂಕಿಯನ್ನು ಎತ್ತಿ ತಮ್ಮ ಮೇಲೆ ಎಸೆಯುವ ಎಲ್ಲ ಹಕ್ಕೂ ಆಕೆಗಿತ್ತು, ಆಕೆ ಎಸೆಯದೆ ಅದರ ಜೊತೆ ಕೂತಳು, ರೆಪ್ಪೆ ಬಡಿಯದೆ, ಪತ್ರೆ ಅಲುಗದ ಹಾಗೆ, ಮುಕ್ಕಾಲು ಗಂಟೆ. ಬರೀ ದೇವರ ಮುಂದಿನ ನಿಶ್ಚಲತೆಯಾಗಿದ್ದರೂ ಅವನಿಗೆ ಬೆರಗಾಗುತ್ತಿತ್ತು, ಆದರೆ ಇದು ಅದಕ್ಕಿಂತ ದೊಡ್ಡದಾಗಿತ್ತು, ಏಕೆಂದರೆ ಇದು ಕೆಲಸವಾಗಿತ್ತು, ಕಲ್ಲು ಒಡೆಯುವಷ್ಟು ಕಷ್ಟದ ಕೆಲಸ, ಅವನ ಕಣ್ಣೆದುರಿಗೇ ನಡೆದಿತ್ತು. ಅವ್ವನಿಗೂ ಸಿಟ್ಟು ಬಂದಿರಬೇಕು, ಕಿವಿಯ ಬಳಿ ಚಪ್ಪಾಳೆ ಹೊಡೆದಾಗ. ಎಷ್ಟು ಸಲವೋ. ಈ ಯೋಚನೆ ನಲವತ್ತೇಳು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಈರವ್ವ ಅತಾವುಲ್ಲಾನನ್ನು ಕೇಳಿದಳು, ಯಾವ ಗೋಡೆ ನೋಡಬೇಕಿತ್ತು ಎಂದು. ಇವತ್ತು ಬೇಡಮ್ಮ ಎಂದ ಅವನು. ‘ಬಂದೀರಿ, ನೋಡ್ರಿ. ಬುಡಕ್ಕ ತೇವ ಐತಿ ಅಂತ ಮಾಲಕರಿಗೆ ಮೂರು ಸಲ ಹೇಳೇನಿ ನಾನೂ. ಯಾರರೆ ಒಬ್ಬರು ನೋಡಿದ್ರ ಚಲೋ ಆತು’ ಎಂದು ಮಣೆಯನ್ನು ತಾನೇ ಎತ್ತಿ ಪಕ್ಕಕ್ಕಿಟ್ಟಳು. ಅತಾವುಲ್ಲಾ ಮೊಳಕಾಲೂರಿ ಕೂತು, ಇಲ್ಲಿ ಮುಟ್ಟಲಾ, ಈ ಗೂಡಿನದು ಸರಿಸಲಾ, ಎಂದು ಪ್ರತಿಯೊಂದಕ್ಕೂ ಆಕೆಯನ್ನು ಕೇಳಿ ಕೇಳಿ ಪರೀಕ್ಷಿಸಿದ. ಕೊಳವೆ ಗೋಡೆಯೊಳಗೇ ಸೋರುತ್ತಿತ್ತು. ಹೊರಡುವಾಗ ಈರವ್ವ ಸೋಮನಾಥನಿಗೆ, ಆ ಕೀಲಿ ಇಲ್ಲಿಡ್ರಿ ಎಂದು ಕಿಟಕಿಯ ಕಟ್ಟೆ ತೋರಿಸಿದಳು. ಅವನು ಇಟ್ಟ. ನನ್ನ ಹಂತ್ಯಾಕ ಐತಿ ಅಂತ ಮಾಲಕರಿಗೆ ನಾನ ಹೇಳ್ತೀನಿ ಎಂದಳು. ಹೋಗಿಬನ್ನಿ ಎನ್ನಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ.

ಗೇಟಿನ ಹೊರಗೆ ಮೋನಿಕಾ ಅವನ ಕಡೆ ನೋಡದೆ ಕಾರಿಗೆ ಹೋದಳು. ಆವಲಪ್ಪ ಹಿಂದುಳಿದ. ‘ಇಂಗೆ ಒಬ್ರು ಕೂತಿರಾದ ನಾನು ನೋಡೇ ಇಲ್ಲ ಕಣಪ್ಪ’ ಅಂದ. ‘ನಮ್ಮ ಕೆರೆ ಅಂಚ್ನಾಗೆ ಬೆಳಿಗ್ಗೆ ಒತ್ತು ಕೊಕ್ಕರೆ ನಿಂತಿರದು. ನೋಡ್ತಾ ನೋಡ್ತಾ ನಾನು ದನ ಒಡೆಯಾದೇ ಮರ್ತೋಗ್ತಿದ್ದೆ.’ ಇನ್ನೇನೋ ಹೇಳಲು ಹೋಗಿ, ಹೇಳದೆ, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟ. ಸಂಜೆ ವೆಂಕಟರಾಮಯ್ಯನವರ ಫೋನು ಬಂತು. ನೀನು ಯಾರ ಕಡೆಯ ದಲ್ಲಾಳಿ ಎಂದು ಕೇಳಿದರು, ಕಾಗದಪತ್ರ ವಾಪಸು ತಂದುಕೊಡು ಎಂದರು, ಇನ್ನು ಮುಂದೆ ಆರ್.ಟಿ. ನಗರದಲ್ಲಿ ಯಾರೂ ನಿನಗೆ ಮನೆ ಕೊಡದ ಹಾಗೆ ಮಾಡುತ್ತೇನೆ ಎಂದರು. ಅವನು ಎಲ್ಲಕ್ಕೂ ಆಯ್ತು ಸಾರ್ ಎಂದ. ಮರುದಿನ ಹೋಗಿ ಕಾಗದ ಕೊಟ್ಟು ಬಂದ. ಒಳಗೆ ಕರೆಯಲಿಲ್ಲ, ಕಾರು ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿ ಇಸಿದುಕೊಂಡರು. ಅವಮಾನವಾಗಬೇಕಿತ್ತು. ಮನಸ್ಸು ಬೇರೆಲ್ಲೋ ಇತ್ತು.

ಹದಿನೆಂಟು ದಿನದ ಮೇಲೆ ಆವಲಪ್ಪ ಫೋನು ಮಾಡಿದ. ಮಗಳಿಗೆ ಆ ಮನೆಯೇ ಬೇಕಂತೆ, ಏಳು ತಿಂಗಳು ಕಾಯುತ್ತಾಳಂತೆ, ಕೊಳವೆ ರಿಪೇರಿಗೆ ವೆಂಕಟರಾಮಯ್ಯ ಗೊಣಗಿಕೊಂಡು ಒಪ್ಪಿದ್ದಾರಂತೆ. ಇನ್ನು ಮಾಳಿಗೆಯೂ ನೀರಿನ ತೊಟ್ಟಿಯೂ ನೋಡುವುದಿದೆ. ನನ್ನನ್ನು ಬಿಡಿಸಿದ್ದಾರಲ್ಲ ಎಂದ ಸೋಮನಾಥ. ‘ಅದೆಲ್ಲ ಇರ್ಲಿ ಬುಡು. ಆಯಮ್ಮನ್ನ ನೀನೇ ಕೇಳು. ಯಾವತ್ತು ಅಂತದೋ ಅವತ್ತು ಓಗಾನ’ ಎಂದ ಆವಲಪ್ಪ. ಸೋಮನಾಥ ಫೋನು ಮಾಡಿ ತನ್ನ ಊರಿನ ಮಾತಿನಲ್ಲೇ ಕೇಳಿದ. ಗುರುವಾರ ನಾಲ್ಕರ ಮೇಲೆ ಎಂದಳು ಈರವ್ವ.

ಗುರುವಾರ ಉಳಿದವರಿಗಿಂತ ಮುಂಚೆ ಅವನು ಬಂದ. ಬಾಗಿಲು ತೆರೆದಿತ್ತು. ಅಡುಗೆಮನೆಯಿಂದ ಬಂದ ಈರವ್ವನ ಕೈ ಮೊಣಕೈವರೆಗೂ ಹಿಟ್ಟು. ಅವತ್ತು ನೀವು ನೋಡಿದ್ದು ನೋಡಿದಂಗಲ್ಲ, ಬರ್ರಿ, ಎಂದು ಹೊಸ್ತಿಲಿಂದಲೇ ಶುರು ಮಾಡಿದಳು. ಈ ಬಾಗಿಲನ್ನು ಎತ್ತಿ ಹಾಕಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಹಿಡಿಯುತ್ತದೆ. ಚಳಿಗಾಲದ ಬಿಸಿಲು ಇಲ್ಲಿಯವರೆಗೆ, ಈ ಟೈಲಿನವರೆಗೆ ಬರುತ್ತದೆ. ಬೇಸಿಗೆಯಲ್ಲಿ ಕಿಟಕಿ ದಾಟುವುದಿಲ್ಲ. ಈ ಕೊಳಾಯಿ ಪೂರ್ತಿ ತಿರುಗಿಸಬಾರದು, ಒಂದು ಕೂದಲೆಳೆ ಹಿಂದೆ ನಿಲ್ಲಿಸಿದರೆ ಹನಿಯುವುದಿಲ್ಲ. ಈ ಗೋಡೆಗೆ ಕಿವಿ ಕೊಟ್ಟರೆ ಆಚೆಮನೆಯ ಮುದುಕ ಮೊಮ್ಮಗಳಿಗೆ ಮಗ್ಗಿ ಹೇಳಿಸುವುದು ಕೇಳುತ್ತದೆ. ಇಲ್ಲಿ ನಿಂತರೆ ಗಾಳಿ. ಮುಚ್ಚಿದ ಬೀರುವನ್ನು ತಾನೇ ತೆರೆದು, ಇದರ ಹಿಂದಿನ ಗೋಡೆ ಒಣಗೈತಿ, ನಾ ಕೈ ಇಟ್ಟು ನೋಡೇನಿ ಎಂದಳು. ಆಕೆ ಮುಟ್ಟಿದಲ್ಲೆಲ್ಲ ಅವನೂ ಕೈಯಿಟ್ಟ. ಫೋನಿನಲ್ಲಿ ಏನನ್ನೂ ಬರೆದುಕೊಳ್ಳಲಿಲ್ಲ. ಅಷ್ಟು ಸಣ್ಣ ಮನೆ ಮುಗಿಯಲು ಅಷ್ಟು ಹೊತ್ತು ಹಿಡಿದದ್ದು ಹೇಗೆಂದು ತಿಳಿಯಲಿಲ್ಲ. ಇಂಥ ಒಂದು ಮನೆಯನ್ನೂ ತಾನು ಇದುವರೆಗೆ ಕಂಡಿಲ್ಲವೆಂದು ಮಾತ್ರ ತಿಳಿಯಿತು.

‘ಇಷ್ಟ ನೋಡ್ರಿ ಮನಿ’ ಎಂದು ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

‘ಇನ್ನೊಮ್ಮೆ ತೋರಸ್ರಿ ಅವ್ವಾರ’ ಎಂದ ಸೋಮನಾಥ.

ತಮಾಷೆಗೋ ಎಂದು ಆಕೆ ಅವನ ಮುಖ ನೋಡಿದಳು. ‘ಯಾಕ, ತಿಳೀಲಿಲ್ಲೇನು?’

‘ಇಲ್ರಿ.’

ಈರವ್ವ ಕೈಯ ಹಿಟ್ಟು ಉದುರಿಸಿಕೊಂಡು, ಅವನನ್ನು ದಾಟಿ, ಶುರು ಮಾಡಿದ್ದ ಹೊಸ್ತಿಲ ಕಡೆಗೇ ಮತ್ತೆ ನಡೆದಳು.